ಕಸದ ಕೆಲಸ ಮಹಿಳಾ ಸಂಘಕ್ಕೆ ಕೊಟ್ಟರೆ ಪಂಚಾಯಿತಿಗೆ ಏನು ಉಳಿಯುತ್ತದೆ?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ಮನೆ ಮನೆ ಕಸ ಎತ್ತುವ ಕೆಲಸ ಸಂಜೀವಿನಿ ಒಕ್ಕೂಟಕ್ಕೆ, ಅಂದರೆ ನಮ್ಮ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಕೊಡೋಣ ಅಂದೆ. ವರ್ಷಕ್ಕೆ 2,64,000 ರೂಪಾಯಿ ಅಂದ ಕೂಡಲೇ ಸಭೆಯಲ್ಲಿ ನಕ್ಕರು. ಗಾಡಿ ಇದೆ, ಶೆಡ್ಡಲ್ಲೇ ನಿಂತಿದೆ. ಹೇಗೆ ಒಪ್ಪಿಸಲಿ ಸರ್?

ಉತ್ತರ (ನಿವೃತ್ತ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ): ಮೇಡಂ, ಸೇವೆ, ಸ್ವಚ್ಛತೆ ಅಂತ ಶುರು ಮಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ದುಡ್ಡು ಮಾತ್ರ ಬಿಡುವುದಿಲ್ಲ. ಮೊದಲು ಹೋದ ವರ್ಷದ ವೋಚರ್ ಫೈಲ್ ಬಿಚ್ಚಿ. ಚರಂಡಿಗೆ ಜೆಸಿಬಿ ಎಷ್ಟು ಸಲ ಬಂತು? ಕಸಕ್ಕೆ ಟ್ರ್ಯಾಕ್ಟರ್ ಬಾಡಿಗೆ ಎಷ್ಟು? ಈ ಬಿಲ್‌ಗಳು ಬೇರೆ ಬೇರೆ ತಿಂಗಳಲ್ಲಿ ಬರುವುದರಿಂದ ಯಾರೂ ಕೂಡಿಸಿ ನೋಡಿರುವುದಿಲ್ಲ.

ಉದಾಹರಣೆಗೆ ಹೀಗಿದೆ ಅಂದುಕೊಳ್ಳಿ. ಟ್ರ್ಯಾಕ್ಟರ್ ವಾರಕ್ಕೆ 1,500, ವರ್ಷಕ್ಕೆ 78,000. ಜೆಸಿಬಿ 12,000ದಂತೆ ನಾಲ್ಕು ಸಲ. ಅದು ಪೂರ್ತಿ ನಿಲ್ಲಲ್ಲ, ಒಂದು ಸಲವಾದರೂ ಬೇಕೇ ಬೇಕು. ಉಳಿಯುವುದು 36,000. ಮನೆಗೆ ತಿಂಗಳಿಗೆ 30 ರೂಪಾಯಿ ಶುಲ್ಕ. 600 ಮನೆ ಇದ್ದರೂ 350 ಅಂತಲೇ ಬರೆಯಿರಿ, ಆಗ 1,26,000. ಎಲ್ಲ ಸೇರಿ 2,40,000. ಅಂದರೆ ನೀವು ಕೇಳುತ್ತಿರುವುದು ಬರೀ 24,000, ತಿಂಗಳಿಗೆ ಎರಡು ಸಾವಿರ! ಸಭೆಗೆ ಆ ಅಂಕಿ ಹೇಳಿ.

ಆ ಕೊರತೆಗೂ ದಾರಿ ಇದೆ. 15ನೇ ಹಣಕಾಸು ಆಯೋಗ 2021-22ರಿಂದ 2025-26ರವರೆಗೆ ಪಂಚಾಯಿತಿ ಅನುದಾನದ ಶೇ. 60ರಷ್ಟನ್ನು ನಿರ್ಬಂಧಿತ ಮಾಡಿತು, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಖರ್ಚು ಮಾಡಬೇಕು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೇ. ಈಗಿನ ಕ್ರಿಯಾ ಯೋಜನೆಯಲ್ಲಿ ಆ ಬಾಬ್ತಿಗೆ ಏನು ಬರೆದಿದ್ದಾರೆ ಅಂತ ಪಿಡಿಒ ಹತ್ತಿರ ಕೇಳಿ.

ಪ್ರಶ್ನೆ: ಡೆಂಗಿ ಕಡಿಮೆಯಾಗಿ ಉಳಿಯುವ ದುಡ್ಡನ್ನೂ ಸೇರಿಸಲಾ?

ಉತ್ತರ: ಅದೇ ಪಟ್ಟಿಯಲ್ಲಿ ಬೇಡ. ಆ ದುಡ್ಡು ಉಳಿಯುವುದು ಮನೆಯವರಿಗೆ, ಆಸ್ಪತ್ರೆಗೆ. ನಿಮ್ಮ ಕ್ಯಾಶ್ ಬುಕ್ಕಿಗೆ ಬರಲ್ಲ ಅಲ್ವಾ? ಬೇರೆ ಹಾಳೆಯಲ್ಲಿ ಬರೆಯಿರಿ. ಒಂದರಲ್ಲೇ ಬೆರೆಸಿದರೆ ಲೆಕ್ಕ ಗೊತ್ತಿರುವ ಒಬ್ಬ ಸದಸ್ಯ ಸಾಕು, ಇಡೀ ಪಟ್ಟಿಯನ್ನೇ ಹರಿದು ಹಾಕುತ್ತಾನೆ. ನನಗೂ ಒಮ್ಮೆ ಹಾಗೇ ಆಗಿದೆ.

ಇನ್ನೊಬ್ಬರು: ನಮ್ಮೂರಲ್ಲಿ ಶುಲ್ಕ ಯಾರೂ ಕೊಡಲ್ಲ ಸರ್.

ಉತ್ತರ: ಕೇರಳದಲ್ಲಿ ಮನೆ ಮನೆ ಕಸ ಎತ್ತುವ ಹರಿತ ಕರ್ಮ ಸೇನೆಯ ಹೆಂಗಸರು ಹಳ್ಳಿಗಳಲ್ಲೂ ಮನೆಗೆ ತಿಂಗಳಿಗೆ 50 ರೂಪಾಯಿ ತೆಗೆದುಕೊಳ್ಳುತ್ತಾರೆ. ಅಲ್ಲೂ ಮೊದಮೊದಲು ಜಗಳ ಇತ್ತು. ನಿಮ್ಮಲ್ಲಿ ಬಿಲ್ ಕಲೆಕ್ಟರ್ ಕೈಗೆ ಬಿಡಬೇಡಿ. ಕಸ ಎತ್ತುವವರ ಕೈಗೇ ನಂಬರ್ ಹಾಕಿದ ರಸೀದಿ ಪುಸ್ತಕ ಕೊಡಿ, ಹಣ ಪಂಚಾಯಿತಿ ಖಾತೆಗೆ ಕಟ್ಟಿಸಿ. ಸದಸ್ಯರ ಮನೆಗಳಿಂದಲೇ ಶುರು ಮಾಡಿ. ಮೊದಲ ರಸೀದಿ ಅಧ್ಯಕ್ಷರ ಹೆಸರಿಗೆ.