ತಪ್ಪು ಮಾಡದವಳನ್ನು ಹೋಮ್‌ನಲ್ಲಿ ಯಾಕೆ ಇಟ್ಟಿದ್ದಾರೆ?

ಪ್ರಶ್ನೆ: ಮೇಡಂ, ನಾವು ಕುಂದಾಪುರ ಕಡೆಯವರು. ಚಿಕ್ಕಮ್ಮನ ಮಗಳಿಗೆ 22 ವರ್ಷ. ಬ್ಯೂಟಿ ಪಾರ್ಲರ್ ಕೆಲಸ ಅಂತ ಏಜೆಂಟ್ ಒಬ್ಬ ಮಂಗಳೂರಿಗೆ ಕರೆದುಕೊಂಡು ಹೋದ. ಅಲ್ಲಿ ನಡೆದದ್ದೇ ಬೇರೆ. ಪೊಲೀಸರು ರೈಡ್ ಮಾಡಿ ಬಿಡಿಸಿದ್ದಾರೆ, ಈಗ ಬಿಡಿಸಿದ ಹೆಣ್ಣುಮಕ್ಕಳನ್ನು ರಕ್ಷಣೆಗೆ ಇಡುವ ಹೋಮ್‌ನಲ್ಲಿದ್ದಾಳೆ. ಮನೆಗೆ ಕಳಿಸಿ ಅಂದ್ರೆ ಕೋರ್ಟ್ ಆರ್ಡರ್ ಬೇಕಂತೆ. ಫೋನೂ ಕೊಡುವುದಿಲ್ಲ. ಇದು ಜೈಲೇ ಅಲ್ವಾ?

ಉತ್ತರ (ಆಪ್ತ ಸಮಾಲೋಚಕಿ, ಮಂಗಳೂರು): ಜೈಲಲ್ಲ, ಆದರೆ ಒಳಗಿದ್ದವಳಿಗೆ ಹಾಗೆ ಅನಿಸಿದರೆ ನಾನು ವಾದ ಮಾಡುವುದಿಲ್ಲ. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬಿಡಿಸಿದವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅವರು ವಯಸ್ಸು, ಮನೆ ಪರಿಸ್ಥಿತಿ ಎಲ್ಲ ವಿಚಾರಣೆ ಮಾಡಿಸುತ್ತಾರೆ. ಆ ವಿಚಾರಣೆಗಾಗಿ ಮೂರು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಆಮೇಲೆ ರಕ್ಷಣೆ ಬೇಕು ಅನಿಸಿದರೆ 1ರಿಂದ 3 ವರ್ಷದವರೆಗೆ ಹೋಮ್‌ನಲ್ಲಿಡಲು ಆದೇಶ ಮಾಡಬಹುದು. ಮನೆಯವರನ್ನೂ ಯಾಕೆ ವಿಚಾರಿಸುತ್ತಾರೆ ಅಂತ ಬೇಜಾರು ಮಾಡಬೇಡಿ, ಎಷ್ಟೋ ಸಲ ಏಜೆಂಟ್ ಅಂದರೆ ಮನೆಗೆ ಬಂದು ಚಾ ಕುಡಿದು ಹೋಗುವ ಪರಿಚಯದವನೇ.

ಆದರೆ ಅವಳು ವಯಸ್ಕಳು. ಇಷ್ಟವಿಲ್ಲದೆ ಹೋಮ್‌ಗಳಲ್ಲಿರುವ ವಯಸ್ಕ ಮಹಿಳೆಯರ ಕೇಸುಗಳನ್ನು ಪರಿಶೀಲಿಸಿ ಬಿಡುಗಡೆಗೆ ಕ್ರಮ ತೆಗೆದುಕೊಳ್ಳಿ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ. ಹಾಗಾಗಿ ಚಿಕ್ಕಮ್ಮನ ಅರ್ಜಿಗಿಂತ ಮುಖ್ಯವಾದದ್ದು ಅವಳ ಮಾತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಂಥ ಕೇಸಿಗೆ ವಕೀಲರು ಉಚಿತ, ಆದಾಯ ಪತ್ರ ಕೇಳುವುದಿಲ್ಲ. ಪರಿಹಾರದ ಅರ್ಜಿಯೂ ಅಲ್ಲೇ. ಏನೂ ತೋಚದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಫೋನ್ ವಿಷಯ: ಏಜೆಂಟ್ ಕಡೆಯವರು ಮೊದಲು ಹುಡುಕುವುದೇ ಆ ನಂಬರನ್ನು. ಹಾಗಂತ ಅಮ್ಮನ ಹತ್ತಿರವೂ ಮಾತಾಡಿಸದೆ ಇಡುವುದು ನನಗೆ ಒಪ್ಪಿಗೆ ಇಲ್ಲ. ಆಫೀಸ್ ಫೋನಿನಿಂದ ಮಾತಾಡಿಸಿ ಅಂತ ಹೋಮ್‌ನ ಸೂಪರಿಂಟೆಂಡೆಂಟರಿಗೆ ಬರೆದು ಕೊಡಿ. ಬಾಯಿಮಾತಲ್ಲಿ ಬೇಡ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಗುರುವಾರ ಭೇಟಿಗೆ ಒಪ್ಪಿದ್ದಾರೆ. ಏನು ಕೇಳಬೇಕು?

ಉತ್ತರ: ಏನಾಯ್ತು ಅಂತ ಮಾತ್ರ ಕೇಳಬೇಡಿ. ಪೊಲೀಸರು, ಡಾಕ್ಟರು, ಮ್ಯಾಜಿಸ್ಟ್ರೇಟರು, ನಾವು, ಎಲ್ಲರಿಗೂ ಹೇಳಿ ಅವಳಿಗೆ ಸಾಕಾಗಿರುತ್ತದೆ. ನಾನು ನೋಡಿದ ಒಬ್ಬಳು ಮೊದಲ ಎರಡು ವಾರ ಚಪ್ಪಲಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಿದ್ದಳು, ರಾತ್ರಿ ಎದ್ದೆದ್ದು ಚಿಲಕ ಮುಟ್ಟಿ ನೋಡುತ್ತಿದ್ದಳು. ಒಂದು ದಿನ ಗಂಜಿ ಊಟ ಆದ ಮೇಲೆ ತಾನೇ ಚಪ್ಪಲಿಯನ್ನು ಬಾಗಿಲ ಹತ್ತಿರ ಬಿಟ್ಟು ಬಂದಳು. ನಾವ್ಯಾರೂ ನೋಡಿದ ಹಾಗೆ ಮಾಡಲಿಲ್ಲ. ಹಾಗೆ ಸುಮ್ನೆ ಇರಿ. ಮನೆಯ ಬೆಕ್ಕಿನ ಸುದ್ದಿ ಹೇಳಿ, ತಲೆಗೆ ಹಾಕುವ ಎಣ್ಣೆ, ಅವಳದ್ದೇ ಹಳೆಯ ನೈಟಿ ಕೊಂಡುಹೋಗಿ. ಮದುವೆ ಮಾತು ಬೇಡ! ಚಿಕ್ಕಮ್ಮ ಅಳುವುದಿದ್ದರೆ ಬಸ್ಸಿನಲ್ಲೇ ಅತ್ತು ಮುಗಿಸಲಿ.

ಮತ್ತೆ, ನೀವು ಪ್ರಶ್ನೆ ಜೊತೆ ಹಾಕಿದ್ದ ಅವಳ ಫೋಟೊ ಅಡ್ಮಿನ್ ತೆಗೆದಿದ್ದಾರೆ. ಸ್ಟೇಟಸ್‌ನಲ್ಲೂ ಇದ್ದರೆ ಈಗಲೇ ತೆಗೆಯಿರಿ.