ಸಹಾಯ ಬೇಕು: ಅರ್ಧಂಬರ್ಧ ಕೇಸ್ ಶೀಟ್‌ಗಳನ್ನು ಯಾವ ಲೆಕ್ಕಕ್ಕೆ ಸೇರಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೇನೆ. ರೋಗಿಗಳ ನೋಂದಣಿಯಲ್ಲಿ ಐಟಿಪಿ (ದೇಹದ ರೋಗನಿರೋಧಕ ವ್ಯವಸ್ಥೆಯೇ ರಕ್ತದ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ; ಕಾಯಿಲೆಗಳ ಅಂತರರಾಷ್ಟ್ರೀಯ ಕೋಡ್ ಪಟ್ಟಿ ಐಸಿಡಿ-10ರಲ್ಲಿ ಡಿ69.3) ಎಂದು ದಾಖಲಾದವರಿಗೆ ನಿಜವಾಗಿಯೂ ಅದೇ ಕಾಯಿಲೆ ಇತ್ತಾ ಎಂದು ಹಳೆಯ ಕೇಸ್ ಶೀಟ್ ತೆಗೆದು ನೋಡುವುದು ನನ್ನ ಪ್ರಾಜೆಕ್ಟ್.

ಐಟಿಪಿ ಎನ್ನಲು ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಸಾಲದು, ಬೇರೆ ಕಾರಣ ಇರಬಾರದು. ನಮ್ಮ ಮಲೆನಾಡಿನಲ್ಲಿ ಡೆಂಗಿ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಇದೆ. ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಆದರೆ ಜ್ವರ ವಾಸಿಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಏರುತ್ತದೆ ಅಲ್ವಾ?

ನಿನ್ನೆ ಸಿಕ್ಕ ಶೀಟ್‌ನಲ್ಲಿ ಮಾರ್ಚ್ ತಿಂಗಳ ಒಂದೇ ಪ್ಲೇಟ್‌ಲೆಟ್ ರಿಪೋರ್ಟ್ ಇತ್ತು, 38,000. ಮೂಲೆಯಲ್ಲಿ ಪೆನ್ಸಿಲ್‌ನಿಂದ 'ಜ್ವರ' ಎಂದು ಬರೆದಿದ್ದರು. ಮುಂದಿನ ಹಾಳೆ ಖಾಲಿ. ಆ ರೋಗಿ ಆಮೇಲೆ ಹೇಗಿದ್ದಾರೋ ಎಂದು ಮನಸ್ಸಿಗೆ ತುಂಬಾ ಬೇಜಾರಾಯಿತು. ಇಂಥ ಶೀಟ್‌ಗಳು ಜಾಸ್ತಿಯೇ ಇವೆ.

ಪ್ಲೇಟ್‌ಲೆಟ್ ಆಮೇಲೆ ಏರಿತಾ ಎಂದು ನೋಡಲು ಲ್ಯಾಬ್ ರಿಜಿಸ್ಟರ್ ಹುಡುಕಿದೆ, ಎರಡನೇ ರಿಪೋರ್ಟ್ ಸಿಗಲಿಲ್ಲ. ಗೈಡ್ ಅವರನ್ನು ಕೇಳಿದೆ, 'ನೀವೇ ತೀರ್ಮಾನಿಸಿ, ಕಾರಣ ಬರೆಯಿರಿ' ಎಂದರು. ಇವನ್ನು 'ತಪ್ಪು ದಾಖಲೆ' ಎಂದರೆ ನೋಂದಣಿಯ ನಿಖರತೆ ಸುಮ್ನೆ ಕುಸಿಯುತ್ತದೆ. ಪೂರ್ತಿ ಬಿಟ್ಟರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಎರಡನೇ ಪ್ಲೇಟ್‌ಲೆಟ್ ರಿಪೋರ್ಟ್ ಇಲ್ಲದವರನ್ನು 'ತಪ್ಪು' ಎಂದು ಎಣಿಸಬೇಕಾ, ಅಥವಾ 'ನಿರ್ಧರಿಸಲಾಗದು' ಎಂದು ಬೇರೆ ಇಟ್ಟು ನಿಖರತೆಯನ್ನು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ತೋರಿಸಬೇಕಾ?