ಸ್ಕ್ರಾಚ್ ಹೊಡದ್ರ ಸೂಜಿ ಜಿಗಿಲತದ, ತಲಿ ಕೆಟ್ಟೋಗ್ಯದ

ಸೂಜಿಮಲ್ಲ_ಕಲಬುರಗಿ:
ಅಣ್ಣಗೋಳೇ ಮೂರ್ ವಾರ ಆಯ್ತು, ಡಿಜೆ ಕಲೀಲಿಕ್ಕ ಬೇಬಿ ಸ್ಕ್ರಾಚ್ ಒಂದೇ ಹೊಡಿಲತ್ತೀನಿ, ರೆಕಾರ್ಡ್ ಪ್ಲೇಟ್ ಕೈಲೆ ಮುಂದ ಹಿಂದ ಮುಂದ ಹಿಂದ, ನಾಕನೇ ಸಲಕ್ಕ ಸೂಜಿ ಜಿಗದು ಎಲ್ಲೋ ಹೋಗ್ತದ. ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ತಗೊಂಡೀನಿ, ಕೊಟ್ಟಾಂವ ಬಿಲ್ಕುಲ್ ಕ್ಲೀನ್ ಅದ ಅಂದಿದ್ದ, ಈಗ ಫೋನೇ ಎತ್ತಲ್ಲ. ಸೆಟ್ಟಿಂಗ್ ಎಲ್ಲಾ ಬರೋಬ್ಬರಿ ಅದ. ಹೊರಗ ಈ ಬಿಸಲು, ಫ್ಯಾನ್ ಗಾಳಿಗೆ ಸೂಜಿ ಅಳ್ಳಾಡ್ತದೇನೋ ಅಂತ ಅದನ್ನೂ ಬಂದ್ ಮಾಡಿ ಬೆವರಿನ್ಯಾಗ ಕುಂತೀನಿ, ಮ್ಯಾಲ ಅವ್ವ ಬಾಗಲಾಗ ನಿಂತು "ಆ ಗೀರೋದು ಬಂದ್ ಮಾಡ್ತೀಯೋ ಇಲ್ಲೋ" ಅಂತ. ಏನ್ ಮಾಡ್ಲಿ ಹೇಳ್ರಿ.

ಫೇಡರ್_ಯಾದಗಿರಿ:
ಸೂಜಿ ಮ್ಯಾಲ ವೇಟ್ ಎಷ್ಟ್ ಇಟ್ಟಿ? ಸೂಜಿ ಕುಂದ್ರೋ ಕಾರ್ಟ್ರಿಜ್ ಯಾವ್ದು? ಬರೋಬ್ಬರಿ ಅಂದ್ರ ನಮಗೇನ್ ತಿಳಿಬೇಕು ತಮ್ಮಾ. ಆರ್ಮ್ ಗಾಳ್ಯಾಗ ತೇಲಂಗ ಬ್ಯಾಲೆನ್ಸ್ ಮಾಡು, ಡಯಲ್ ಸೊನ್ನಿಗೆ ತಾ, ಆಮ್ಯಾಲ 3 ಗ್ರಾಂ. ಆಂಟಿ-ಸ್ಕೇಟ್, ಸೂಜಿ ಒಳಗ ಸರೀಬಾರ್ದಂತ ಹೊರಗ ಜಗ್ಗೋದು, ಅದು ಸೊನ್ನಿ. ಅದು ಪ್ಲೇಟ್ ಮುಂದಕ್ಕ ಓಡುವಾಗಷ್ಟೇ ಉಪಯೋಗ, ಹಿಂದಕ್ ಎಳದ್ರ ಉಲ್ಟಾ ಸೂಜೀನ ಹೊರಗ ದೂಕ್ತದ.

ಸೂಜಿಮಲ್ಲ_ಕಲಬುರಗಿ:
3 ಇಟ್ಟೆ, ಸೊನ್ನಿ ಇಟ್ಟೆ. ನಾಕನೇ ಸಲ ಹೋಗಿ ಆರನೇ ಸಲಕ್ಕ ಜಿಗಿಲತದ 😭

ಬೀದರ್_ಬೀಟ್:
ಆರ್ಮ್ ಹಿಂದಿನ ವೇಟ್ ತಗದು ಉಲ್ಟಾ ಹಾಕು, ಇನ್ನೂ ಭಾರ ಬೀಳ್ತದ. ನಾ ಹಂಗೇ ಹೊಡಿಯೋದು. ನನ್ ಹತ್ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ ಜೋಡಿ ಅದ, 1979ರ ಮಾಡೆಲ್ಲೇ ಆದ್ರೂ ಇವತ್ತೂ ಗಡಿಯಾರ ಇದ್ದಂಗ ತಿರುಗ್ತಾವ. ಎಂ44-7 ಕಾರ್ಟ್ರಿಜ್ ಮೂರು ಅವ, ಶೂರ್‌ದವ್ರು 2018ದಾಗ ಕಾರ್ಟ್ರಿಜ್ ಮಾಡೋದೇ ಬಂದ್ ಮಾಡ್ತೀವಿ ಅಂದಾಗ ತಗೊಂಡು ಇಟ್ಟಿದ್ದು, ಒಂದರ ಡಬ್ಬಿ ಇನ್ನೂ ಒಡದಿಲ್ಲ.

ಫೇಡರ್_ಯಾದಗಿರಿ:
ನಿನ್ನ ಡಬ್ಬಿ ಯಾರ್ ಕೇಳ್ಯಾರ? ಹುಡುಗಗ ವೇಟ್ ಉಲ್ಟಾ ಹಾಕು ಅನಬ್ಯಾಡ ಮಾರಾಯ. ಲ್ಯಾಪ್‌ಟಾಪಿನ ಹಾಡು ನಡಸೋ ಟೈಮ್‌ಕೋಡ್ ಪ್ಲೇಟ್ ಒಂದೇ ಜಾಗದಾಗ ಉಜ್ಜಿ ಉಜ್ಜಿ ಬೆಳ್ಳಗಾಗ್ತದ, ಆಮ್ಯಾಲ ಸಾಫ್ಟ್‌ವೇರ್‌ಗೆ ಸಿಗ್ನಲ್ಲೇ ಸಿಗಲ್ಲ. ಆ ಎಂ44-7ಗೂ ಕಂಪನಿ ಹೇಳಿದ್ದು 1.5ರಿಂದ 3 ಗ್ರಾಂ ತನಕ ಅಷ್ಟೇ.

ಬೀದರ್_ಬೀಟ್:
ಹತ್ತು ವರ್ಷದಿಂದ ಹೊಡಿಲತ್ತೀನಿ, ನನ್ ಪ್ಲೇಟ್ ಬಂದು ನೋಡು.

ಬರಾತ್_ಕಿಂಗ್:
ನಿಮ್ದೇನ್ರಿ ಸೂಜಿ ಗ್ರಾಮ್ ಅಂತ. ಗಣಪತಿ ಕಳಸೋ ದಿನ ನಮ್ ಗಾಡಿ ಜಗತ್ ಸರ್ಕಲ್‌ದಾಗ ನಿಂತ್ರ ಅಂಗಡಿ ಶಟರ್ ಝಲ್ ಅಂತಾವ. ಒಂದು ಲ್ಯಾಪ್‌ಟಾಪ್ ಒಂದು ಪೆನ್‌ಡ್ರೈವ್, ಮುಗೀತು.

ಫೇಡರ್_ಯಾದಗಿರಿ:
ಕಾಕಾ ಅದು ಡಿಜೆ ಅಲ್ಲ, ಬಾಡಿಗಿ ಸ್ಪೀಕರ್.

ಬರಾತ್_ಕಿಂಗ್:
ಲಗ್ನದ ಮನಿಯವ್ರು ನಿನ್ನ ಕರಿತಾರೋ ನನ್ನ ಕರಿತಾರೋ ಅದು ಹೇಳು ಮೊದ್ಲ.

ಶಹಾಬಾದಿ_ಫರಸಿ:
ಜರಾ ತಡೀರಿ. ಅವ್ವ ಬಾಗಲಾಗ ನಿಂತು ಬೈದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ, ನ್ಯೂಯಾರ್ಕ್ ಬ್ರಾಂಕ್ಸ್‌ನ ಡಿಜೆ ಗ್ರ್ಯಾಂಡ್ ವಿಜಾರ್ಡ್ ಥಿಯೋಡರ್‌ನೂ ಸಣ್ಣಾಂವ ಇದ್ದಾಗ ಅವ್ವ ಸೌಂಡ್ ಕಮ್ಮಿ ಮಾಡು ಅಂತ ಬಂದಾಗ ಪ್ಲೇಟ್ ಕೈಲೆ ಹಿಡದು ಅಳ್ಳಾಡ್ಸಿದ್ದಕ್ಕೇ ಸ್ಕ್ರಾಚ್ ಹುಟ್ಟಿತು ಅಂತ ಹೇಳ್ತಾರ. ಈಗ ಒಂದು ಫೋಟೋ ಹಾಕು. ಪ್ಲೇಟ್ ಎತ್ತಿ ತೆಗಿ.

ಸೂಜಿಮಲ್ಲ_ಕಲಬುರಗಿ:
[ಫೋಟೋ] ಕರಿ ಮ್ಯಾಟ್ ಅದ ನೋಡ್ರಿ, ಪ್ಲೇಟ್ ಜಾರಲಿ ಅಂತ ಹಾಕೋ ಸ್ಲಿಪ್‌ಮ್ಯಾಟ್. ಜೋಡೀಲೇ ಬಂದದ್ದು.

ಶಹಾಬಾದಿ_ಫರಸಿ:
ಅಯ್ಯ ಶಿವನೇ. ಅದು ರಬ್ಬರ್ ಮ್ಯಾಟ್ ಅದಲೋ! ಅದರ ಕೆಲಸನೇ ಪ್ಲೇಟ್ ಗಟ್ಟಿ ಹಿಡಿಯೋದು. ನೀ ಪ್ಲೇಟ್ ಎಳಿಲತ್ತಿಲ್ಲ, ಮೋಟರ್ ಜೋಡಿ ಜಗ್ಗಾಟ ಆಡ್ಲತ್ತಿ, ಕೈ ಒತ್ತಿದಷ್ಟು ಪ್ಲೇಟ್ ಬಗ್ತದ, ಸೂಜಿ ಜಿಗಿತದ. ಸೂಪರ್ ಮಾರ್ಕೆಟ್ ಕಡಿ ಟೇಲರ್ ಸಾಮಾನ್ ಅಂಗಡ್ಯಾಗ ಫೆಲ್ಟ್ ಬಟ್ಟಿ ಸಿಗ್ತದೇನೋ ಕೇಳು, ಪ್ಲೇಟಿನ ಅಳತಿಗೆ ಗುಂಡಗ ಕತ್ತರಸು, ಅದರ ಕೆಳಗ ಬಟರ್ ಪೇಪರ್ ಒಂದು. ಬಳ್ಳು ಹಗುರ ಇಟ್ರ ಪ್ಲೇಟ್ ನಿಂದರಬೇಕು, ಕೆಳಗಿನ ಚಕ್ರ ತಿರುಗ್ತಾನೇ ಇರ್ಬೇಕು.

ಬೀದರ್_ಬೀಟ್:
ರಬ್ಬರ್ ಮ್ಯಾಟ್ 😂😂 ನಾ ವೇಟ್ ಅಂತ ಕುಂತಿದ್ದೆ.

ಸೂಜಿಮಲ್ಲ_ಕಲಬುರಗಿ:
ಎರಡ್ ದಿನ ಆಯ್ತು, ಫೆಲ್ಟ್ ಹಾಕೀನಿ, ಅವ್ವನೇ ಕತ್ತರಿಸಿ ಕೊಟ್ಟಳು. ಹೆಡ್‌ಫೋನ್‌ದಾಗ ಹೊಡದ್ರ ಇಪ್ಪತ್ತು ಸಲ ಹೊಡದ್ರೂ ಜಿಗಿಯಲ್ಲ!! ಖರೆ ಸ್ಪೀಕರ್ ಹಚ್ಚಿ ಬಾಸ್ ಏರ್ಸಿದ್ರ ಗೂಂಯ್ ಅಂತದ, ಮತ್ತ ಜಿಗಿತದ. ಸ್ಪೀಕರ್‌ನೂ ಟರ್ನ್‌ಟೇಬಲ್‌ನೂ ಒಂದೇ ತಗಡಿನ ಅಲಮಾರಿ ಮ್ಯಾಲ ಅವ, ಅದು ಹೇಳ್ಬೇಕಿತ್ತೇನು?

ಶಹಾಬಾದಿ_ಫರಸಿ:
ಹೇಳ್ಬೇಕಿತ್ತು. ಬಾಸಿಗೆ ತಗಡು ನಡಗ್ತದ, ನಡುಕ ಸೂಜಿಗೆ ಹತ್ತಿ ಅದೇ ಮತ್ತ ಸ್ಪೀಕರಿಗೆ ಹೋಗ್ತದ. ಸ್ಪೀಕರ್ ಕೆಳಗಿಳಸು. ಟರ್ನ್‌ಟೇಬಲ್ ಕೆಳಗ ಒಂದು ಶಹಾಬಾದ್ ಕಲ್ಲಿನ ಫರಸಿ, ಅದರ ಕೆಳಗ ಹಳೇ ಸೈಕಲ್ ಟ್ಯೂಬ್ ಮಡಚಿ ಇಡು. ನಮ್ ಊರಾಗ ಕಲ್ಲಿಗೇನ್ ಬರ ಅದೇನ್.

ಸೂಜಿಮಲ್ಲ_ಕಲಬುರಗಿ:
ಕಲ್ಲು ಇಟ್ಟೆ, ಗೂಂಯ್ ಹೋಯ್ತು! ಒಂದೇ ಒಂದು ಉಳೀತು, ಕೈ ಬಿಟ್ಟ ಕೂಡ್ಲೇ ಹಾಡು ಊಂಊಂ ಅಂತ ನಿಧಾನ ಎದ್ದು ಆಮ್ಯಾಲ ಸ್ಪೀಡ್ ಹಿಡಿತದ.

ಫೇಡರ್_ಯಾದಗಿರಿ:
ತಮ್ಮಾ... ಚಕ್ರ ಎತ್ತಿ ಕೆಳಗ ನೋಡು. ರಬ್ಬರ್ ಪಟ್ಟಿ ಅದ ಏನು? ಮೋಟರ್ ಪಟ್ಟೀಲೆ ತಿರುಗಿಸೋ ಚಕ್ರ ಹಿಂಗೇ ನಿಧಾನ ಏಳ್ತದ.

ಸೂಜಿಮಲ್ಲ_ಕಲಬುರಗಿ:
ಅದ. ಯಾಕ, ಅದು ಪ್ಯಾಕಿಂಗ್‌ದಲ್ಲೇನು?

ಬರಾತ್_ಕಿಂಗ್:
ಫರಸಿ ಎಷ್ಟಕ್ಕ ಕೊಟ್ರು? ನಮ್ ಜನರೇಟರ್ ಕೆಳಗೂ ಒಂದು ಬೇಕಾಗಿತ್ತು.